ಮುಚ್ಚಳ ತೆಗೆಯಬೇಡ

ಜನವರಿ 9

ಅರ್ಜಿರಾಯನಿಗೆ ಅಕ್ಕನ ಆಶೀರ್ವಾದ.

ಈ ಕಾಗದದ ಹಿಂದೆಯೇ ಒಂದು ಪಾರ್ಸೆಲ್ ಬರುತ್ತದೆ. ತಂದವನ ಜೊತೆ ಜಗಳಕ್ಕೆ ನಿಲ್ಲದೆ ಸಹಿ ಹಾಕಿ ತೆಗೆದುಕೊ. ಒಳಗಿರುವುದು ಸ್ಲೋ ಕುಕ್ಕರ್. ಹೆಸರು ಕೇಳಿಯೇ ಮುಖ ಸಿಂಡರಿಸಬೇಡ. ಕರೆಂಟಿನಲ್ಲಿ ಕಾಯುವ ದಪ್ಪನೆಯ ಪಿಂಗಾಣಿ ಪಾತ್ರೆ, ಅಷ್ಟೆ. ಬೆಳಿಗ್ಗೆ ತರಕಾರಿ, ಕಾಳು ಎಲ್ಲ ಹಾಕಿ, ನೀರು ಹೊಯ್ದು, ಗುಂಡಿ ತಿರುಗಿಸಿ ಕೆಲಸಕ್ಕೆ ಹೋಗು. ಸಂಜೆ ನೀನು ಬರುವಷ್ಟರಲ್ಲಿ ಊಟ ಆಗಿರುತ್ತದೆ. ನಡುವೆ ಯಾರೂ ಏನೂ ಮಾಡಬೇಕಾಗಿಲ್ಲ. ಎರಡು ಕೊಂಡರೆ ಅಗ್ಗ ಅಂದರು. ನನಗೊಂದು, ನಿನಗೊಂದು.

ಎರಡೇ ನಿಯಮ. ಪಾತ್ರೆಯನ್ನು ಅರ್ಧಕ್ಕಿಂತ ಕಡಿಮೆ ತುಂಬಬಾರದು, ತಳ ಒಣಗುತ್ತದೆ. ಮತ್ತೆ, ಮುಚ್ಚಳ ತೆಗೆಯಬೇಡ. ಒಂದು ಸಲ ಇಣುಕಿದರೂ ಒಳಗಿನ ಬಿಸಿಯೆಲ್ಲ ಹಾರಿಹೋಗಿ ಊಟ ತಡವಾಗುತ್ತದೆ. ಚಿಕ್ಕಂದಿನಲ್ಲಿ ಬಿತ್ತಿದ ಬೀಜವನ್ನು ದಿನಾ ಕೆದಕಿ ಮೊಳಕೆ ಬಂತೋ ಇಲ್ಲವೋ ಎಂದು ನೋಡುತ್ತಿದ್ದವನು ನೀನು, ಅದಕ್ಕೇ ಹೇಳಿದೆ.

ನಿನ್ನ ಹೆಂಡತಿ ತೀರಿಕೊಂಡ ಮೇಲೆ ಬ್ರೆಡ್ಡು ಬಾಳೆಹಣ್ಣಿನಲ್ಲೇ ದಿನ ದೂಡುತ್ತಿದ್ದೀಯ. ಯಾರು ಚಾಡಿ ಹೇಳಿದರು ಎಂದು ಹುಡುಕಲು ಹೋಗಬೇಡ. ಬ್ರೆಡ್ಡಿನ ತೂಕದ ಮೇಲೆ ನೀನು ಕಾಗದ ಕಾಗದದಲ್ಲೂ ಕಾರುವ ಸಿಟ್ಟೇ ಹೇಳುತ್ತದೆ.

ನನಗೊಂದು ಉಪಕಾರ ಮಾಡು. ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟಾಗ ಏನು ವಾಸನೆ ಬಂತು ಎಂದು ಸರಿಯಾಗಿ ಬರೆ. ಸುಮ್ಮನೆ ಕೇಳಿದೆ.

ನಿನ್ನ ಅಕ್ಕ

ಜನವರಿ 21

ಅಕ್ಕನಿಗೆ ನಮಸ್ಕಾರ.

ಪಾರ್ಸೆಲ್ ತಲುಪಿತು. ಪೆಟ್ಟಿಗೆಯ ಮೇಲೆ ‘ಒಡೆಯುವ ವಸ್ತು’ ಎಂದು ಕೆಂಪಕ್ಷರದಲ್ಲಿ ಬರೆದಿದ್ದರೂ ತಲೆಕೆಳಗಾಗಿ ತಂದಿದ್ದರು. ಓದಲು ಬಾರದವರೇ ಈ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಪೆಟ್ಟಿಗೆಗಳು ನೆಟ್ಟಗೆ ಬರುತ್ತಿದ್ದವು. ಈಗ ಎಲ್ಲರಿಗೂ ಓದಲು ಬರುತ್ತದೆ. ಈ ಬಗ್ಗೆ ಒಂದು ಅರ್ಜಿ ಹೋಗಿದೆ.

ಇನ್ನು ನಿನ್ನ ಪಾತ್ರೆ. ಅಕ್ಕಾ, ನೀನು ಇದನ್ನು ಕೊಂಡೆ ಎಂದರೆ ನನಗೆ ನಂಬಿಕೆಯಾಗುವುದಿಲ್ಲ. ಮೂವತ್ತು ವರ್ಷ ಮಿಲ್ಲಿನ ಕ್ಯಾಂಟೀನಿನಲ್ಲಿ ಸೌಟು ಹಿಡಿದವಳು ನೀನು. ಒಲೆಯ ಮೇಲೆ ಏನಾದರೂ ಇರುವಾಗ ನಾನು ಮಾತಿಗೆ ಬಂದರೆ ‘ಸುಮ್ನಿರೋ, ಪಾತ್ರೆ ಮಾತಾಡ್ತಾ ಇದೆ’ ಎಂದು ಸೌಟಿನಲ್ಲೇ ಬೆರಳಿಗೆ ಕೊಡುತ್ತಿದ್ದವಳು. ಆ ನೀನು ಈಗ ‘ಯಾರೂ ಏನೂ ಮಾಡಬೇಕಾಗಿಲ್ಲ’ ಎಂದು ಹೆಮ್ಮೆಯಿಂದ ಬರೆಯುತ್ತೀಯ! ಮನುಷ್ಯ ಏನೂ ಮಾಡಬೇಕಾಗಿಲ್ಲದ ವಸ್ತುಗಳ ಚರಿತ್ರೆಯನ್ನೇ ನಾನು ಓದಿದ್ದೇನೆ. ಎಲ್ಲದರ ಕೊನೆಯೂ ಒಂದೇ. ಮೊದಲು ಕೈಗೆ ಬಿಡುವು, ಆಮೇಲೆ ಕೈಯೇ ಬೇಡ.

ಆದರೂ ಹಾಕಿದೆ. ನೀರಿನ ಮೀಟರು ಪರೀಕ್ಷಿಸುವ ಕೆಲಸದವನಾದ್ದರಿಂದ ಮೊದಲು ಅದು ಎಷ್ಟು ಕರೆಂಟು ತಿನ್ನುತ್ತದೆ ಎಂದು ನೋಡಿದೆ. ಪೆಟ್ಟಿಗೆಯ ಮೇಲೆ ಬರೆದದ್ದಕ್ಕಿಂತ ಹೆಚ್ಚಿಲ್ಲ, ಅದಕ್ಕೆ ಒಂದು ಮೆಚ್ಚುಗೆ. ಅರ್ಧ ಪಾತ್ರೆ ಎಂದರೆ ನಾಲ್ಕು ಜನರ ಊಟ. ಒಬ್ಬನೇ ಇರುವವನು ಈ ದೇಶದಲ್ಲಿ ಲೆಕ್ಕಕ್ಕೇ ಇಲ್ಲವೇ ಎಂದು ಕಂಪನಿಗೆ ಕೇಳಬೇಕೆಂದಿದ್ದೇನೆ. ಭಾನುವಾರ ಮಾಡಿದ್ದನ್ನು ಬುಧವಾರ ಮುಗಿಸಿದೆ.

ಎದುರು ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕು, ‘ಏನ್ ಸಾರ್, ಮನೇಲಿ ಯಾರೋ ಬಂದಿದಾರಾ? ಮಧ್ಯಾಹ್ನದಿಂದ ಅಡುಗೆ ಘಮಘಮ ಅಂತಿದೆ’ ಎಂದರು. ಯಾರೂ ಇಲ್ಲ, ಪಾತ್ರೆ ಒಂದೇ ಇದೆ ಎಂದೆ.

ವಾಸನೆ ಕೇಳಿದ್ದೀಯ. ಅಡುಗೆಯ ವಾಸನೆ ಬಂತು.

ನಿನ್ನ ತಮ್ಮ

ಫೆಬ್ರವರಿ 2

ಅರ್ಜಿರಾಯ,

ಅಡುಗೆಯ ವಾಸನೆ ಬಂತಂತೆ! ಇದು ಒಂದು ಉತ್ತರವಾ? ಕೆಟ್ಟ ಮೀಟರಿನ ಬಗ್ಗೆ ನಾಲ್ಕು ಪುಟ ಬರೆಯುವವನಿಗೆ ಊಟದ ಬಗ್ಗೆ ಮೂರು ಪದ ಸಿಕ್ಕಿತು. ಸಿಹಿಯಾಗಿತ್ತಾ, ಖಾರವಾಗಿತ್ತಾ, ಬೆಳ್ಳುಳ್ಳಿ ಮುಂದಿತ್ತಾ, ಹಿಂದಿತ್ತಾ? ಇನ್ನೊಂದು ಸಲ ಬರೆ.

ನನ್ನ ಪಾತ್ರೆಯೂ ದಿನಾ ನಡೆಯುತ್ತದೆ. ಮನೆಯಲ್ಲಿ ಗ್ಯಾಸ್ ಹಚ್ಚುವುದನ್ನೇ ಬಿಟ್ಟಿದ್ದೇನೆ. ಡಿಸೆಂಬರಿನ ಜ್ವರ ಹೋದರೂ ಸುಸ್ತು ಹೋಗಿಲ್ಲ, ಒಲೆಯ ಮುಂದೆ ನಿಲ್ಲಲು ಬೇಜಾರು. ಕ್ಯಾಂಟೀನಿನಲ್ಲಿ ಮೊನ್ನೆ ದೊಡ್ಡ ಬಾಣಲೆ ಹತ್ತಿಕೊಂಡಿತು. ತರಕಾರಿ ಹೆಚ್ಚುವವಳು ಆ ತುದಿಯಿಂದ ‘ದೊಡ್ಡಮ್ಮಾ, ಸೀದೋಗ್ತಿದೆ’ ಎಂದು ಕೂಗಿಕೊಂಡು ಓಡಿಬಂದು ಉರಿ ಆರಿಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಏನೋ ಯೋಚನೆಯಲ್ಲಿದ್ದೆ ಎಂದೆ. ನಕ್ಕಳು. ನಾನೂ ನಕ್ಕೆ.

ಇನ್ನೊಂದು ವಿಚಾರ, ಇದನ್ನು ನಿನಗೊಬ್ಬನಿಗೇ ಬರೆಯುತ್ತಿದ್ದೇನೆ. ಈಚೆಗೆ ಯಾವುದಕ್ಕೂ ವಾಸನೆಯೇ ಇಲ್ಲ ಕಣೋ. ಈರುಳ್ಳಿ ಹುರಿದರೂ ಇಲ್ಲ, ಬೆಳ್ಳುಳ್ಳಿ ಜಜ್ಜಿದರೂ ಇಲ್ಲ. ಅಂಗಡಿಯವನೇ ಸರಿಯಿಲ್ಲವೋ ಏನೋ ಎಂದು ಮೂರು ಅಂಗಡಿ ಬದಲಾಯಿಸಿದೆ. ಎಲ್ಲ ಕಡೆಯೂ ಹಾಗೇ. ನಿನಗೆ ಹೇಗಿದೆ ಬರೆ. ನಿಜ ಬರೆ.

ನಿನ್ನ ಅಕ್ಕ

ಫೆಬ್ರವರಿ 13

ಅಕ್ಕನಿಗೆ ನಮಸ್ಕಾರ.

ಕೊನೆಗೂ ನೀನು ನನ್ನ ದಾರಿಗೆ ಬಂದೆ! ನಾನು ಇಷ್ಟು ವರ್ಷ ಹೇಳುತ್ತಿರುವುದನ್ನೇ ನೀನೂ ಬರೆದಿದ್ದೀಯ. ವಾಸನೆ ಇಲ್ಲ, ರುಚಿ ಇಲ್ಲ, ಏಕೆಂದರೆ ಈಗ ಬೆಳೆಯುವುದು ತೂಕ ಮಾತ್ರ. ನೆನಪಿದೆಯೇ, ಅಪ್ಪ ಈರುಳ್ಳಿ ತಂದ ದಿನ ಬಾಗಿಲಲ್ಲಿದ್ದ ಚೀಲ ಹಿತ್ತಲಿನಲ್ಲಿದ್ದವರ ಮೂಗಿಗೆ ಗೊತ್ತಾಗುತ್ತಿತ್ತು. ಅವರೆಕಾಳಿನಷ್ಟು ಬೆಳ್ಳುಳ್ಳಿ ಒಂದು ಪಾತ್ರೆಗೆ ಸಾಕಾಗುತ್ತಿತ್ತು. ಈಗ ಶೀತಲಗೃಹದಲ್ಲಿ ವರ್ಷ ಮಲಗಿಸಿ, ಎಬ್ಬಿಸಿ, ಬಣ್ಣ ಬಳಿದು ಮಾರುತ್ತಾರೆ. ಕೇಳುವವರಿಲ್ಲ.

ನಾನು ಕೇಳಿದ್ದೇನೆ. ನಿನ್ನ ಕಾಗದ ಬಂದ ದಿನವೇ ಪತ್ರಿಕೆಗೆ ಬರೆದೆ. ಮೊನ್ನೆ ಓದುಗರ ಪುಟದಲ್ಲಿ ಎಲ್ಲಕ್ಕಿಂತ ಮೇಲೆ, ಚೌಕಟ್ಟು ಕಟ್ಟಿ ಹಾಕಿದ್ದಾರೆ. ತುಣುಕು ಇದರೊಳಗಿದೆ. ನಡುವಿನ ಸಾಲುಗಳನ್ನು ಗಮನಿಸು: ‘ಇದು ನನ್ನೊಬ್ಬನ ದೂರಲ್ಲ. ದೊಡ್ಡದೊಂದು ನೂಲಿನ ಮಿಲ್ಲಿನ ಕ್ಯಾಂಟೀನಿನಲ್ಲಿ ಮೂವತ್ತು ವರ್ಷಗಳಿಂದ ಮುಖ್ಯ ಅಡುಗೆಯವರಾಗಿರುವ ಮಹಿಳೆಯೊಬ್ಬರು, ಈರುಳ್ಳಿ ಹುರಿದರೂ ಬೆಳ್ಳುಳ್ಳಿ ಜಜ್ಜಿದರೂ ಈಗ ವಾಸನೆಯೇ ಬರುವುದಿಲ್ಲ ಎನ್ನುತ್ತಾರೆ. ಅಂಥವರ ಮೂಗಿಗಿಂತ ದೊಡ್ಡ ಪ್ರಯೋಗಾಲಯ ಯಾವುದಿದೆ?’

ನಿನ್ನ ಹೆಸರು ಹಾಕಿಲ್ಲ, ಊರಿನ ಹೆಸರೂ ಹಾಕಿಲ್ಲ. ನನಗೊಬ್ಬನಿಗೇ ಬರೆದೆ ಎಂದಿದ್ದೆಯಲ್ಲ, ಆ ಎಚ್ಚರ ನನಗಿದೆ. ಕಚೇರಿಯಲ್ಲಿ ಇಬ್ಬರು ಬಂದು ಕೈ ಕುಲುಕಿದರು.

ವಾಸನೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಬಂತೆಂದುಕೊಳ್ಳುತ್ತೇನೆ. ಪಾತ್ರೆ ಚೆನ್ನಾಗಿ ನಡೆಯುತ್ತಿದೆ. ದಿನ ಬಿಟ್ಟು ದಿನ ಹಾಕುತ್ತೇನೆ.

ನಿನ್ನ ತಮ್ಮ

ಮಾರ್ಚ್ 5

ತಮ್ಮನಿಗೆ,

ತುಣುಕು ನೋಡಿದೆ. ನೀನು ಕಳಿಸುವ ಮೊದಲೇ ನೋಡಿದ್ದೆ. ಇಲ್ಲಿಗೂ ಆ ಪತ್ರಿಕೆ ಬರುತ್ತದೆ. ಬರಹ ಚೆನ್ನಾಗಿದೆ.

ನಾನು ಸ್ವಲ್ಪ ದಿನ ರಜೆಯಲ್ಲಿದ್ದೇನೆ. ಆರೋಗ್ಯವಾಗಿದ್ದೇನೆ. ಪಾತ್ರೆ ನಡೆಯುತ್ತದೆ. ನೀನು ಊಟ ಮಾಡು. ತುಣುಕುಗಳನ್ನು ಇನ್ನು ಕಳಿಸಬೇಡ.

ಅಕ್ಕ

ಮಾರ್ಚ್ 12

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಎಷ್ಟು ಚಿಕ್ಕದಿತ್ತೆಂದರೆ ಲಕೋಟೆಯನ್ನು ಇನ್ನೊಮ್ಮೆ ಕೊಡವಿ ನೋಡಿದೆ. ರಜೆ ತೆಗೆದುಕೊಂಡದ್ದು ಒಳ್ಳೆಯದಾಯಿತು. ಮೂವತ್ತು ವರ್ಷದಲ್ಲಿ ನೀನು ರಜೆ ಹಾಕಿದ್ದು ನನಗೆ ನೆನಪಿರುವ ಹಾಗೆ ಅಮ್ಮ ಹೋದಾಗ ಮಾತ್ರ. ಮಿಲ್ಲಿನವರು ನಿನಗೆ ಎಷ್ಟೋ ರಜೆ ಬಾಕಿ ಉಳಿಸಿಕೊಂಡಿದ್ದಾರೆ, ಚೆನ್ನಾಗಿ ಮಲಗು.

ನನ್ನ ಪತ್ರಕ್ಕೆ ಐದಾರು ಜನ ಬೆಂಬಲ ಬರೆದಿದ್ದಾರೆ. ಒಬ್ಬ ಪಂಡಿತ ಮಾತ್ರ ‘ವಾಸನೆ ಬಾರದಿದ್ದರೆ ತರಕಾರಿಯನ್ನಲ್ಲ, ಮೂಗನ್ನು ಪರೀಕ್ಷಿಸಿ’ ಎಂದು ಕುಹಕವಾಡಿದ್ದಾನೆ. ಅವನಿಗೆ ತಕ್ಕ ಉತ್ತರ ಸಿದ್ಧವಾಗುತ್ತಿದೆ.

ಇದೇನು, ಈ ಸಲ ಏನು ಹಾಕಬೇಕು, ಎಷ್ಟು ನೀರು ಎಂದು ಒಂದೂ ಬರೆದಿಲ್ಲ? ನಿನ್ನ ಅಪ್ಪಣೆ ಇಲ್ಲದೆ ಮೂರು ಸಲ ಅದೇ ಆಲೂಗಡ್ಡೆ, ಅದೇ ಕಾಳು ಹಾಕಿ ಉಂಡೆ. ವಾಸನೆ ಏನು ಬಂತೆಂದೂ ಕೇಳಿಲ್ಲ.

ನಿನ್ನ ತಮ್ಮ

ಮಾರ್ಚ್ 20

ಅಕ್ಕಾ,

ಇಂದು ಬೆಳಿಗ್ಗೆ ವಾಚನಾಲಯದಲ್ಲಿ ಪತ್ರಿಕೆ ತೆರೆದೆ. ನನ್ನ ಉತ್ತರ ಬಂದಿದೆಯೇ ಎಂದು ನೋಡಲು ತೆರೆದೆ. ಅದರ ಜಾಗದಲ್ಲಿ ನಿಮ್ಮ ಕ್ಯಾಂಟೀನಿನ ಮೇಲ್ವಿಚಾರಕರ ಪತ್ರವಿತ್ತು. ನೀನು ಓದಿರುತ್ತೀಯ. ಆದರೂ ಬರೆಯುತ್ತೇನೆ, ನಾನು ಓದಿದ್ದೇನೆ ಎಂದು ನಿನಗೆ ತಿಳಿಯಲಿ: ‘ಈ ಪುಟದಲ್ಲಿ ಉಲ್ಲೇಖಿತರಾದ ಅಡುಗೆಯವರು ನಮ್ಮವರೇ ಎಂದು ಗುರುತಿಸಿ ವಿಚಾರಿಸಲಾಯಿತು. ಜ್ವರದ ನಂತರ ಅವರು ವಾಸನೆಯ ಶಕ್ತಿ ಕಳೆದುಕೊಂಡಿರುವುದು ವೈದ್ಯರಿಂದ ಖಚಿತವಾಗಿದೆ. ಕಾರ್ಮಿಕರ ಸುರಕ್ಷತೆಯ ದೃಷ್ಟಿಯಿಂದ ಅವರನ್ನು ಒಲೆಯ ಕೆಲಸದಿಂದ ಬಿಡಿಸಲಾಗಿದೆ. ನಮ್ಮ ಕ್ಯಾಂಟೀನಿನ ತರಕಾರಿಯಲ್ಲಿ ಯಾವ ದೋಷವೂ ಇಲ್ಲ.’

ನಿಂತೇ ಓದಿದೆ. ಆಮೇಲೆ ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಜನವರಿಯದರಿಂದಲೇ ನೀನು ಹೇಳುತ್ತಿದ್ದೀಯ. ಸಂಜೆ ಏನು ವಾಸನೆ ಬಂತು, ಸುಮ್ಮನೆ ಕೇಳಿದೆ. ಗ್ಯಾಸ್ ಹಚ್ಚುವುದನ್ನೇ ಬಿಟ್ಟಿದ್ದೇನೆ. ಬಾಣಲೆ ಹತ್ತಿಕೊಂಡಿತು, ಪಕ್ಕದಲ್ಲೇ ನಿಂತಿದ್ದೆ. ನಿನಗೆ ಹೇಗಿದೆ, ನಿಜ ಬರೆ. ಅಕ್ಕಾ, ಪರರ ಬರಹದಲ್ಲಿ ಎಳ್ಳಷ್ಟು ತಪ್ಪಿದ್ದರೂ ಹಿಡಿಯುವವನು ನಾನು. ನೀನು ಒಂದೊಂದು ಸಾಲಿನಲ್ಲೂ ಕೈ ಚಾಚಿದ್ದೆ. ನಾನು ಆ ಕೈಗೆ ಮೈಕು ಹಿಡಿದೆ.

ಒಲೆ ಬಿಟ್ಟರೆ ನಿನಗೆ ಬೇರೆ ಏನೂ ಇಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೇಲ್ವಿಚಾರಕರ ಮೇಲೆ, ವೈದ್ಯರ ಮೇಲೆ, ಪತ್ರಿಕೆಯ ಮೇಲೆ ಒಂದು ಅರ್ಜಿ ಬರೆಯಲು ಕುಳಿತೆ. ಎರಡು ಸಾಲು ಬರೆದು ಹರಿದೆ. ಮೊದಲ ಸಲ, ಅರ್ಜಿಯಲ್ಲಿ ಯಾರ ಮೇಲೆ ದೂರು ಎಂಬ ಜಾಗದಲ್ಲಿ ಹಾಕಲು ನನ್ನ ಹೆಸರೇ ಇತ್ತು.

ತಮ್ಮ

ಏಪ್ರಿಲ್ 8

ಅಕ್ಕಾ,

ನಿನ್ನಿಂದ ಉತ್ತರವಿಲ್ಲ. ಫೋನಿನಲ್ಲಿ ನಾವಿಬ್ಬರೂ ಐದು ನಿಮಿಷಕ್ಕೇ ಜಗಳವಾಡುತ್ತೇವೆ, ಕಾಗದದಲ್ಲಾದರೆ ಜಗಳ ವಾರ ತಡವಾಗಿ ಬರುತ್ತದೆ ಎಂದು ನೀನೇ ಹೇಳುತ್ತಿದ್ದೆ. ಆದರೂ ಫೋನ್ ಮಾಡಿದೆ. ‘ಬರ್ಲಾ?’ ಅಂದೆ. ‘ಬರಬೇಡ’ ಅಂದೆ ನೀನು. ಜಗಳಕ್ಕೂ ನಿಲ್ಲಲಿಲ್ಲ, ಇಟ್ಟುಬಿಟ್ಟೆ.

ಹಾಗಾಗಿ ಬಂದಿಲ್ಲ. ಬೇರೆ ಏನು ಮಾಡಬಹುದೆಂದು ಯೋಚಿಸಿದೆ. ನೀನು ಕೇಳಿದ್ದು ಒಂದೇ, ಅದನ್ನು ಮಾತ್ರ ನಾನು ಕೊಟ್ಟಿರಲಿಲ್ಲ. ಇವತ್ತು ಕಚೇರಿಗೆ ರಜೆ ಹಾಕಿ ದಿನವಿಡೀ ಪಾತ್ರೆಯ ಎದುರು ಕುಳಿತಿದ್ದೇನೆ. ಯಾರೂ ಏನೂ ಮಾಡಬೇಕಾಗಿಲ್ಲದ ಪಾತ್ರೆಯ ಎದುರು ರಜೆ ಹಾಕಿ ಕುಳಿತವನು ಇಡೀ ಊರಿನಲ್ಲಿ ನಾನೊಬ್ಬನೇ ಇರಬೇಕು.

ಹಾಕಿದ್ದು: ನೆನೆಸಿದ ಬಿಳಿ ಕಾಳು, ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಕ್ಯಾರೆಟ್, ಮೇಲೆ ಆಲೂಗಡ್ಡೆ, ಕೊನೆಗೆ ಕುಟ್ಟಿದ ಕಾಳುಮೆಣಸು.

ಮೊದಮೊದಲು ಅಡುಗೆಯ ವಾಸನೆಯೇ ಇಲ್ಲ. ಬಿಸಿಯಾದ ತಂತಿಯ ವಾಸನೆ, ನಮ್ಮ ಪರೀಕ್ಷಾ ಕೋಣೆಯಲ್ಲಿ ಯಂತ್ರ ಶುರುವಾದಾಗ ಬರುವಂಥದ್ದು. ಆಮೇಲೆ ಹಸಿ ಈರುಳ್ಳಿ. ಅದು ವಾಸನೆಯಲ್ಲ, ಬೈಗುಳ. ಮೂಗಿನ ಮೇಲ್ತುದಿಗೆ ಹೊಡೆಯುತ್ತದೆ, ಒಳಗೆ ಇಳಿಯುವುದಿಲ್ಲ. ಬೆಳ್ಳುಳ್ಳಿ ಅದರ ಹಿಂದೆ ನಿಂತಿತ್ತು, ದೊಡ್ಡವರ ಹಿಂದೆ ಬಚ್ಚಿಟ್ಟುಕೊಂಡ ಮಗುವಿನ ಹಾಗೆ.

ಬಿಸಿಲು ಕಿಟಕಿಯಿಂದ ಮೇಜಿಗೆ ಬರುವ ಹೊತ್ತಿಗೆ ಈರುಳ್ಳಿಯ ಸಿಟ್ಟು ಇಳಿಯಿತು. ಅದೇ ಈರುಳ್ಳಿ, ಆದರೆ ಜಗಳವಾಡಿ ಸುಸ್ತಾಗಿ ಕುಳಿತವರ ಹಾಗೆ ಮೆತ್ತಗೆ. ನಡುವೆ ಒಂದು ಒದ್ದೆ ವಾಸನೆ ಬಂತು. ತುಂಬ ಹೊತ್ತು ಅದೇನೆಂದು ಹೊಳೆಯಲಿಲ್ಲ. ಶಾಲೆಯಲ್ಲಿ ಸ್ಲೇಟನ್ನು ಉಗುಳಿನಿಂದ ಒರೆಸಿ ಮೂಗಿಗೆ ಹಿಡಿದರೆ ಬರುತ್ತಿದ್ದ ವಾಸನೆ. ನಿನಗೆ ಗೊತ್ತು, ನಿನ್ನ ಸ್ಲೇಟನ್ನೂ ನಾನೇ ಒರೆಸುತ್ತಿದ್ದೆ.

ಮಧ್ಯಾಹ್ನ ದಾಟಿದ ಮೇಲೆ ಒಂದು ಕ್ಷಣ ಎಲ್ಲವೂ ಒಟ್ಟಿಗೆ ಬಂತು. ಮೆಣಸು ಮೊದಲು ಕಣ್ಣಿಗೆ, ಆಮೇಲೆ ಗಂಟಲಿಗೆ. ಅದರ ಹಿಂದೆ ಬೆಂದ ಬೆಳ್ಳುಳ್ಳಿ, ಈಗ ಬೆಣ್ಣೆಯ ಹಾಗೆ. ಕ್ಯಾರೆಟ್ಟಿನ ಸಿಹಿ, ಬಿಸಿಲಿಗೆ ಹಾಕಿದ ಹತ್ತಿಯ ಹಾಸಿಗೆಯ ವಾಸನೆಗೆ ಹತ್ತಿರ. ಮುಖ ಬೆವರಿತು. ಬರೆಯುವ ಕಾಗದ ಒದ್ದೆಯಾಯಿತು, ಕಲೆ ಕಾಣುತ್ತಿದೆಯಲ್ಲ.

ಆಮೇಲೆ ಏನೂ ಇಲ್ಲ! ಹೆದರಿದೆ. ಮೂಗು ಅಭ್ಯಾಸವಾಗಿ ಸುಮ್ಮನಾಗಿತ್ತು. ಎದ್ದು ಕೆಳಗಿಳಿದು ಬೀದಿಯ ತುದಿಯವರೆಗೆ ನಡೆದೆ. ನೀನು ದಿನವೂ ಹೀಗೇ ಇದ್ದೀಯ ಎಂದು ಆಗ ಅರ್ಥವಾಯಿತು, ಆದರೆ ನಿನಗೆ ಕೆಳಗಿಳಿದು ಬರಲು ಮೆಟ್ಟಿಲಿಲ್ಲ.

ಹಿಂದಿರುಗಿ ಬರುವಾಗ ಮೊದಲ ಮಹಡಿಯಲ್ಲೇ ಸಿಕ್ಕಿತು. ಟೊಮೆಟೊದ ಹುಳಿ ಮುಂದೆ, ಚುಚ್ಚುವಂತೆ. ಅದರ ಹಿಂದೆ ಕಾಳು, ಹಿಟ್ಟಿನ ವಾಸನೆ, ದಪ್ಪಗೆ. ಮೆಟ್ಟಿಲು ಹತ್ತಿದಷ್ಟೂ ಹುಳಿ ಕಡಿಮೆಯಾಗಿ ಬೆಚ್ಚಗಾಗುತ್ತ ಹೋಯಿತು.

ಒಂದು ಮಾತು ನಿನಗೆ ಬರೆದಿರಲಿಲ್ಲ. ಜನವರಿಯಲ್ಲಿ, ಪಾತ್ರೆ ಹಾಕಿದ ಮೊದಲ ಸಂಜೆ, ಹೀಗೇ ಮೆಟ್ಟಿಲು ಹತ್ತಿ ಬಂದೆ. ಬಾಗಿಲ ಸಂದಿನಿಂದ ವಾಸನೆ ಬರುತ್ತಿತ್ತು. ಒಳಗೆ ಯಾರೋ ಇದ್ದಾರೆ ಎಂದು ಕೈಗೆ ಅನಿಸಿಬಿಟ್ಟಿತು. ಕೀಲಿ ತೆಗೆಯುವ ಬದಲು ಕರೆಗಂಟೆ ಒತ್ತಿದೆ. ಒತ್ತಿ ನಿಂತಿದ್ದೆ ಅಕ್ಕಾ, ನನ್ನ ಮನೆಯ ಬಾಗಿಲು ಯಾರಾದರೂ ತೆಗೆಯಲಿ ಎಂದು. ಎದುರು ಮನೆಯಾಕೆ ಅದನ್ನು ನೋಡಿಯೇ ಕೇಳಿದ್ದು, ಯಾರೋ ಬಂದಿದಾರಾ ಎಂದು. ಅದನ್ನು ಬರೆಯಲಾರದೆ ‘ಅಡುಗೆಯ ವಾಸನೆ ಬಂತು’ ಎಂದು ಬರೆದೆ.

ಉತ್ತರ ಬೇಡ. ಓದಿದರೆ ಸಾಕು.

ನಿನ್ನ ತಮ್ಮ

ಏಪ್ರಿಲ್ 22

ಅರ್ಜಿರಾಯ,

ಉತ್ತರ ಬೇಡ ಎಂದು ಬರೆದು ಲಕೋಟೆಯೊಳಗೆ ಅಂಚೆಚೀಟಿ ಇಟ್ಟು ಕಳಿಸುತ್ತಾರೇನೋ ಯಾರಾದರೂ?

ಮೊದಲು ಜಗಳ ಮುಗಿಸುತ್ತೇನೆ. ಒಲೆಯಿಂದ ನನ್ನನ್ನು ಇಳಿಸಿದ್ದು ತಪ್ಪಲ್ಲ. ಆ ಬಾಣಲೆಯ ದಿನ ಹೆಚ್ಚುವವಳು ಓಡಿಬರದಿದ್ದರೆ ಏನಾಗುತ್ತಿತ್ತೋ, ಅದನ್ನು ನೆನೆದು ನನಗೇ ನಿದ್ದೆ ಬರುತ್ತಿರಲಿಲ್ಲ. ನಾನೇ ಹೋಗಿ ಹೇಳಬೇಕಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನಾ ಏಪ್ರನ್ ಕಟ್ಟಿಕೊಳ್ಳುತ್ತಿದ್ದೆ. ಆದರೆ ಹೇಳುವ ಬಾಯಿ ನನ್ನದಾಗಿರಬೇಕಿತ್ತು ಕಣೋ. ಮೇಲ್ವಿಚಾರಕರು ಪತ್ರಿಕೆ ಹಿಡಿದು ಬಂದು, ಎಲ್ಲರ ಎದುರು ಎರಡು ಬಟ್ಟಲು ಇಟ್ಟು, ‘ಯಾವುದರಲ್ಲಿ ಸೀಮೆಎಣ್ಣೆ ಇದೆ ಹೇಳಿ ನೋಡೋಣ’ ಎಂದರು. ಮೂವತ್ತು ವರ್ಷ ನನ್ನ ಕೈಯಲ್ಲಿ ಉಂಡವರು ನೋಡುತ್ತಿದ್ದರು. ನಾನು ತಪ್ಪು ಬಟ್ಟಲು ತೋರಿಸಿದೆ. ಅದನ್ನು ನಾನು ಬೇಗ ಮರೆಯುವುದಿಲ್ಲ. ನೀನೂ ಮರೆಯಬೇಡ.

ಜಗಳ ಮುಗಿಯಿತು. ಈಗ ನಿನ್ನ ಅಡುಗೆ.

ನಿನ್ನ ಕಾಗದವನ್ನು ಭಾನುವಾರದವರೆಗೆ ಪೂರ್ತಿ ಓದಲಿಲ್ಲ. ಭಾನುವಾರ ಬೆಳಿಗ್ಗೆ ನೀನು ಹಾಕಿದ್ದನ್ನೇ ಹಾಕಿ, ಪಾತ್ರೆಯ ಪಕ್ಕದಲ್ಲಿ ಕುಳಿತು, ಬಿಸಿಲು ಸರಿದ ಹಾಗೆ ಒಂದೊಂದು ತುಂಡು ಓದಿದೆ. ವಾಸನೆ ಬರಲಿಲ್ಲ. ಬರುತ್ತದೆ ಎಂದು ನಾನೂ ಅಂದುಕೊಂಡಿರಲಿಲ್ಲ. ಆದರೆ ನೀನು ಏನು ಮಾಡಿದ್ದೀಯ ಎಂದು ಒಂದೊಂದಾಗಿ ಕಾಣತೊಡಗಿತು.

ಒದ್ದೆ ಸ್ಲೇಟಿನ ವಾಸನೆ ಬಂತು ಅಂದೆ. ಆಲೂಗಡ್ಡೆಯನ್ನು ಮೇಲೆ ಹಾಕಿ ಸರಿಯಾಗಿ ತೊಳೆದೂ ಇಲ್ಲ. ಗಟ್ಟಿ ತರಕಾರಿ ಯಾವಾಗಲೂ ತಳದಲ್ಲಿರಬೇಕು. ಅಷ್ಟು ಹೊತ್ತು ಬೆಂದ ಮೇಲೂ ಮೆಟ್ಟಿಲಲ್ಲೇ ಹುಳಿ ಚುಚ್ಚಿತು, ಕಾಳಿಗೆ ಹಿಟ್ಟಿನ ವಾಸನೆಯೇ ಇತ್ತು ಅಂದೆ. ಟೊಮೆಟೊವನ್ನು ಬೆಳಿಗ್ಗೆಯೇ ಹಾಕಿದ್ದೀಯ. ಹುಳಿ ಬಿದ್ದ ಕಾಳು ಬೇಗ ಬೇಯುವುದಿಲ್ಲ. ಸಂಜೆ ಹಲ್ಲಿಗೆ ಗಟ್ಟಿಯಾಗಿ ಸಿಕ್ಕಿತು, ಹೌದೋ ಅಲ್ಲವೋ? ಕಾಳನ್ನು ಇನ್ನು ಮುಂದೆ ಮೊದಲೇ ಸ್ವಲ್ಪ ಕುದಿಸಿಕೊ, ಟೊಮೆಟೊ ಕೊನೆಗೆ ಹಾಕು, ಅದಕ್ಕೊಂದು ಸಲ ಮಾತ್ರ ಮುಚ್ಚಳ ತೆಗೆಯಬಹುದು.

ಮತ್ತೆ, ಮಧ್ಯಾಹ್ನ ದಾಟಿದ ಮೇಲೆ ಎಲ್ಲವೂ ಒಟ್ಟಿಗೆ ಬಂತಂತೆ, ಮುಖ ಬೆವರಿತಂತೆ, ಕಾಗದ ಒದ್ದೆಯಾಯಿತಂತೆ. ಮುಚ್ಚಳ ಮುಚ್ಚಿದ ಪಾತ್ರೆ ಹಾಗೆ ಯಾರ ಮುಖಕ್ಕೂ ಬರುವುದಿಲ್ಲ. ನೀನು ಮುಚ್ಚಳ ತೆಗೆದಿದ್ದೀಯ. ನೂರು ಸಲ ಹೇಳಿದ್ದರೂ ತೆಗೆದಿದ್ದೀಯ! ಇದನ್ನು ಓದಿ ಎಷ್ಟೋ ದಿನದ ಮೇಲೆ ಒಬ್ಬಳೇ ಗಟ್ಟಿಯಾಗಿ ನಕ್ಕೆ. ನನ್ನ ಕಣ್ಣೆದುರು ಯಾರೋ ಅಡುಗೆ ಮಾಡುತ್ತಿದ್ದಾರೆ, ನಾನು ಹಿಂದೆ ನಿಂತು ಬೈಯುತ್ತಿದ್ದೇನೆ ಎಂದು ಅನಿಸಿತು.

ಉಪ್ಪಿನ ಬಗ್ಗೆ ನೀನು ಎಲ್ಲೂ ಬರೆದಿಲ್ಲ. ಹಾಕಿಲ್ಲ. ಉಪ್ಪಿಗೆ ವಾಸನೆ ಇಲ್ಲ, ಅದು ನಾಲಿಗೆಯದು, ನಾಲಿಗೆ ನನಗಿನ್ನೂ ಇದೆ. ಅಷ್ಟು ನನಗೆ ಬಿಡು, ಉಳಿದದ್ದು ನೀನು ಬರೆ.

ಕರೆಗಂಟೆಯ ವಿಷಯಕ್ಕೆ ನಾನೇನೂ ಬರೆಯುವುದಿಲ್ಲ. ಓದಿದೆ.

ಕ್ಯಾಂಟೀನಿನಲ್ಲಿ ಬಡಿಸುವ ಕಡೆ ನಿಲ್ಲಲು ಕರೆದಿದ್ದಾರೆ. ಇನ್ನೂ ಒಪ್ಪಿಲ್ಲ. ಬೆನ್ನ ಹಿಂದೆ ಒಲೆ ಉರಿಯುತ್ತಿರುವಾಗ ತಟ್ಟೆ ಹಂಚುತ್ತ ನಿಲ್ಲಲು ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಭಾನುವಾರದ ಅಡುಗೆ ಇನ್ನೂ ಉಳಿದಿದೆ, ಇವತ್ತೂ ಅದನ್ನೇ ಉಂಡೆ. ಬರಬೇಡ ಎಂದು ಫೋನಿನಲ್ಲಿ ಹೇಳಿದ್ದು ನಿಜ. ಬರುವುದಾದರೆ ನಿನ್ನ ಪಾತ್ರೆ ಹೊತ್ತು ತರಬೇಡ, ಇಲ್ಲೊಂದಿದೆ. ಅರ್ಧಕ್ಕಿಂತ ಕಡಿಮೆ ತುಂಬಬಾರದು, ನೆನಪಿದೆಯಲ್ಲ.

ನಿನ್ನ ಅಕ್ಕ